ಬ್ರಷ್ ಕಟರ್‌ನಿಂದ ಹಳೇ ಜೀಪಿನ ತನಕ: ಎಲೆಕ್ಟ್ರಾನಿಕ್ ಇಗ್ನಿಷನ್ ಎಂಜಿನ್‌ಗೆ ಸರಿಯಾದ ಸ್ಪಾರ್ಕ್ ಪ್ಲಗ್ ಆರಿಸೋದು ಹೇಗೆ?

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ನಮ್ಮ ಕಡೆ ತೋಟಗಳಲ್ಲಿ ಕಳೆ ಮೊಣಕಾಲಿಗೆ ಬರುತ್ತೆ. ಹೊಳಲ್ಕೆರೆಯ ಅಡಿಕೆ ತೋಟ ಇರಲಿ, ಹೊಸದುರ್ಗದ ತೆಂಗಿನ ತೋಟ ಇರಲಿ, ಹಿರಿಯೂರಿನ ದಾಳಿಂಬೆ ಇರಲಿ, ಆಗ ಎಲ್ಲರೂ ಹುಡುಕೋದು ಒಂದೇ ಯಂತ್ರ, ಬ್ರಷ್ ಕಟರ್. ಅದೇ ಹೊತ್ತಿಗೆ ಅದು ಸ್ಟಾರ್ಟ್ ಆಗಲ್ಲ. ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದು ಹೋಗುತ್ತೆ. ಮೂರು ದಿನ ಮೆಷಿನ್ ಮೂಲೆಯಲ್ಲಿ ಕೂತರೆ ನಾಲ್ಕನೇ ದಿನ ಯಾರಾದರೂ ಬಂದು "ಸುಮ್ನೆ ಒಂದ್ ಕ್ಯಾನ್ ಕಳೆನಾಶಕ ಹೊಡ್ದು ಬಿಡಣ್ಣ, ಯಾಕ್ ಒದ್ದಾಡ್ತೀಯ" ಅಂತಾರೆ.

ಸಾವಯವ ಮಾಡೋರಿಗೆ ಈ ಮಾತು ತುಂಬಾ ದುಬಾರಿ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ 36 ತಿಂಗಳು. ನಿಷೇಧಿತ ರಾಸಾಯನಿಕ ಒಂದು ಸಲ ಬಿದ್ದರೂ ಆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬಹುದು. ನೂರಿನ್ನೂರು ರೂಪಾಯಿಯ ಒಂದು ಪ್ಲಗ್‌ನಿಂದ ಮೂರು ವರ್ಷದ ಶ್ರಮ ಕೈಬಿಟ್ಟು ಹೋಗೋದು ಬೇಡ. ಸಾವಯವ ಅಲ್ಲದೋರಿಗೂ ನಷ್ಟ ಕಮ್ಮಿಯೇನಲ್ಲ. ದಾಳಿಂಬೆಗೆ ಮಳೆ ಬಿಟ್ಟ ತಕ್ಷಣ ದುಂಡಾಣು ಅಂಗಮಾರಿಗೆ ಸಿಂಪಡಣೆ ಆಗಬೇಕು, ಅವತ್ತೇ ಸ್ಪ್ರೇಯರ್ ಕೈಕೊಟ್ಟರೆ ತೋಟದ ಕಥೆ ಏನು?

ನಾನು ಓದಿದ್ದು ತೋಟಗಾರಿಕೆ, ಮೆಕ್ಯಾನಿಕ್ ಕೆಲಸ ಅಲ್ಲ. ಆದರೆ ಕಳೆನಾಶಕ ಮುಟ್ಟದೆ ತೋಟ ನಡೆಸಬೇಕು ಅಂದ್ರೆ ಎಂಜಿನ್‌ನ ಭಾಷೆ ಸ್ವಲ್ಪ ಕಲಿಯಲೇಬೇಕು. ಈ ವಾರ ಪ್ಲಗ್ ಆರಿಸೋದರ ಬಗ್ಗೆ ಪೂರ್ತಿ ಹೇಳ್ತೀನಿ. ಮನೆಯಲ್ಲಿ ಹಳೇ ಪೆಟ್ರೋಲ್ ಜೀಪೋ, ಅಂಬಾಸಿಡರೋ, ಯೆಜ್ಡಿಯೋ ಇದ್ದು ಅದಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೋರಿಗೂ ಇದೇ ಲೆಕ್ಕ. ಅವರಿಗಾಗಿ ಬೇರೆ ಭಾಗವೇ ಇದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಅಂದ್ರೆ ಏನು?

ಪೆಟ್ರೋಲ್ ಎಂಜಿನ್ ಒಳಗೆ ಗಾಳಿ-ಪೆಟ್ರೋಲ್ ಮಿಶ್ರಣಕ್ಕೆ ಬೆಂಕಿ ಹಚ್ಚೋದು ಪ್ಲಗ್‌ನ ಕಿಡಿ. ಆ ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟ್‌ಗೂ ಹೆಚ್ಚು ಬೇಕು. ಅದನ್ನ ಕೊಡೋದು ಕಾಯಿಲ್.

ಹಳೇ ಗಾಡಿಗಳಲ್ಲಿ ಕಾಯಿಲ್‌ಗೆ ಹೋಗೋ ಕರೆಂಟನ್ನ ಸರಿಯಾದ ಸಮಯಕ್ಕೆ ಕತ್ತರಿಸೋಕೆ ಪಾಯಿಂಟ್ ಅಂತ ಒಂದು ಯಾಂತ್ರಿಕ ಸ್ವಿಚ್ಚು, ಜೊತೆಗೊಂದು ಕಂಡೆನ್ಸರ್ ಇರ್ತಿತ್ತು. ಪಾಯಿಂಟ್ ಸವೆಯುತ್ತೆ, ಸುಡುತ್ತೆ, ಮಳೆಗಾಲದಲ್ಲಿ ತೇವ ಹಿಡಿಯುತ್ತೆ. ಉಪ್ಪುಕಾಗದ ಹಾಕಿ ಉಜ್ಜಿ ಗ್ಯಾಪ್ ಇಡೋದು ನಮ್ಮ ಅಪ್ಪಂದಿರ ಕಾಲದ ನಿತ್ಯದ ಕೆಲಸ.

ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಆ ಪಾಯಿಂಟ್‌ನ ಜಾಗಕ್ಕೆ ಟ್ರಾನ್ಸಿಸ್ಟರ್ ಅಥವಾ ಸಿಡಿಐ ಸರ್ಕ್ಯೂಟ್ ಬಂದಿದೆ. ಉಜ್ಜಿಕೊಳ್ಳೋ ಭಾಗ ಇಲ್ಲ, ಸವೆತ ಇಲ್ಲ. ಬ್ರಷ್ ಕಟರ್‌ನಲ್ಲಿ ಫ್ಲೈವೀಲ್‌ಗೆ ಒಂದು ಅಯಸ್ಕಾಂತ ಕೂರಿಸಿರ್ತಾರೆ. ಅದು ಕಾಯಿಲ್ ಪಕ್ಕ ಹಾದು ಹೋದಾಗಲೆಲ್ಲ ಒಂದು ಕಿಡಿ. ಬ್ಯಾಟರಿ ಬೇಡವೇ ಬೇಡ. ಎರಡು-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಸೆಕೆಂಡಿಗೆ 116 ಕಿಡಿ ಆಯ್ತು. ಈ ಲೆಕ್ಕ ಗೊತ್ತಾದರೆ ಪ್ಲಗ್ ಎಷ್ಟು ದುಡಿಯುತ್ತೆ ಅಂತ ಅರ್ಥ ಆಗುತ್ತೆ.

ಇತ್ತೀಚೆಗೆ ಕೊಂಡ ಬ್ರಷ್ ಕಟರ್, ಚೈನ್ ಸಾ, ಪವರ್ ಸ್ಪ್ರೇಯರ್, ಪೆಟ್ರೋಲ್ ಪವರ್ ವೀಡರ್ ಬಹುತೇಕ ಎಲ್ಲದರಲ್ಲೂ ಇರೋದು ಎಲೆಕ್ಟ್ರಾನಿಕ್ ಇಗ್ನಿಷನ್ನೇ. ಹಾಗಾಗಿ "ಅಪ್ಪನ ಕಾಲದ ಪ್ಲಗ್ ಇದೆ, ಹಾಕ್ ನೋಡೋಣ" ಅನ್ನೋದು ಇಲ್ಲಿ ನಡೆಯಲ್ಲ.

ಮೊದಲು ಅಳತೆ, ಆಮೇಲೆ ಬ್ರ್ಯಾಂಡ್

ಅಂಗಡಿಗೆ ಹೋಗಿ "ಬ್ರಷ್ ಕಟರ್ ಪ್ಲಗ್ ಕೊಡಿ" ಅಂದ್ರೆ ಕೈಗೆ ಸಿಕ್ಕಿದ್ದನ್ನ ಕೊಡೋರೂ ಇದ್ದಾರೆ. ಅಳತೆ ನೋಡೋದು ನಮ್ಮ ಕೆಲಸ. ಮೂರು ವಿಷಯ ನೋಡಿ.

1. ಥ್ರೆಡ್‌ನ ದಪ್ಪ. ಸಾಮಾನ್ಯವಾಗಿ 10, 12 ಅಥವಾ 14 ಮಿ.ಮೀ. ಇರುತ್ತೆ.

2. ಥ್ರೆಡ್‌ನ ಉದ್ದ, ಅಂದ್ರೆ ವಾಷರ್ ಕೂರೋ ಜಾಗದಿಂದ ಥ್ರೆಡ್ ಮುಗಿಯೋ ತನಕ. 9.5, 12.7, 19 ಮಿ.ಮೀ. ಹೀಗೆ ಬೇರೆ ಬೇರೆ.

3. ಪಾನಾ ಕೂರೋ ಷಟ್ಕೋನದ ಅಳತೆ.

ಇದರಲ್ಲಿ ಮೋಸ ಹೋಗೋದು ಎರಡನೇದರಲ್ಲಿ. ಉದಾಹರಣೆ ನೋಡಿ. ಅನೇಕ ಎರಡು-ಸ್ಟ್ರೋಕ್ ಬ್ರಷ್ ಕಟರ್‌ಗಳಿಗೆ ಬರೋ ಎನ್‌ಜಿಕೆ ಬಿಪಿಎಂಆರ್ 7ಎ ಪ್ಲಗ್ 14 ಮಿ.ಮೀ. ದಪ್ಪ, 9.5 ಮಿ.ಮೀ. ಉದ್ದ. ಹೋಂಡಾ ಜಿಎಕ್ಸ್ 160, ಜಿಎಕ್ಸ್ 200 ಎಂಜಿನ್‌ಗೆ (ಪವರ್ ವೀಡರ್, ನೀರೆತ್ತೋ ಪಂಪು, ಹೆಚ್‌ಟಿಪಿ ಸ್ಪ್ರೇಯರ್‌ಗಳಲ್ಲಿ ಇರೋದು) ಬರೋ ಬಿಪಿಆರ್ 6ಇಎಸ್ ಕೂಡ 14 ಮಿ.ಮೀ. ದಪ್ಪವೇ, ಆದರೆ ಉದ್ದ 19 ಮಿ.ಮೀ. ಥ್ರೆಡ್ ಒಂದೇ ಆದ್ದರಿಂದ ವೀಡರ್‌ನ ಪ್ಲಗ್ ಬ್ರಷ್ ಕಟರ್‌ಗೆ ಸಲೀಸಾಗಿ ತಿರುಗಿಕೊಂಡು ಹೋಗುತ್ತೆ. ಆದರೆ ಒಳಗೆ 9.5 ಮಿ.ಮೀ. ಜಾಸ್ತಿ ಇಳಿದಿರುತ್ತೆ. ಹಗ್ಗ ಎಳೆದ ಕೂಡಲೇ ಪಿಸ್ಟನ್ ಬಂದು ಪ್ಲಗ್‌ಗೆ ಗುದ್ದುತ್ತೆ. ನಮ್ಮ ಪಕ್ಕದ ಊರಿನ ಗೆಳೆಯನಿಗೆ ಒಂದು ಅಂಗಡಿಯಲ್ಲಿ ಹೀಗೇ ಉದ್ದದ ಪ್ಲಗ್ ಕೊಟ್ಟು ಕಳಿಸಿದ್ದರು. ಪ್ಲಗ್ ಹೋಗಿದ್ದಲ್ಲದೆ ಪಿಸ್ಟನ್ ತಲೆಯೂ ಹೋಯ್ತು, ಹಬ್ಬದ ಮುಂಚಿನ ಎರಡು ವಾರ ಹುಲ್ಲು ಹಾಗೇ ಬೆಳೀತು.

ಉಲ್ಟಾ ಆದರೂ ತೊಂದರೆಯೇ. 19 ಮಿ.ಮೀ. ಇರಬೇಕಾದ ಕಡೆ ಗಿಡ್ಡ ಪ್ಲಗ್ ಹಾಕಿದರೆ ಕಿಡಿ ಗುಂಡಿಯೊಳಗೆ ಕೂತ ಹಾಗೆ ಆಗುತ್ತೆ. ಖಾಲಿ ಉಳಿದ ಥ್ರೆಡ್‌ನಲ್ಲಿ ಕಾರ್ಬನ್ ಕಟ್ಟಿ, ಮುಂದೆ ಸರಿಯಾದ ಪ್ಲಗ್ ಹಾಕೋಕೆ ಹೋದಾಗ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ಡೇ ಕಿತ್ತು ಬರುತ್ತೆ.

ನಾಲ್ಕು-ಸ್ಟ್ರೋಕ್‌ನ ಸಣ್ಣ ಬ್ರಷ್ ಕಟರ್‌ಗಳ ಕಥೆ ಇನ್ನೂ ಬೇರೆ. ಹೋಂಡಾ ಜಿಎಕ್ಸ್ 35 ಎಂಜಿನ್‌ಗೆ ಬರೋದು ಸಿಎಂಆರ್ 5ಹೆಚ್, ಅದರ ಥ್ರೆಡ್ ಬರೀ 10 ಮಿ.ಮೀ. ಹಾಗೇ ಹಳೇ ಎರಡು-ಸ್ಟ್ರೋಕ್ ಟಿವಿಎಸ್ ಎಕ್ಸ್‌ಎಲ್‌ನ ಪ್ಲಗ್ ಈಗಿನ ನಾಲ್ಕು-ಸ್ಟ್ರೋಕ್ ಎಕ್ಸ್‌ಎಲ್ 100ಕ್ಕೆ ಆಗುತ್ತೆ ಅಂತ ಅಂದುಕೊಳ್ಳಬೇಡಿ. ಹೆಸರು ಒಂದೇ, ಎಂಜಿನ್ ಬೇರೆ.

ಪ್ಲಗ್ ಮೇಲಿನ ಅಕ್ಷರ ಓದೋದು ಹೀಗೆ

ಬಿಪಿಆರ್ 6ಇಎಸ್ ಅನ್ನೋದನ್ನ ಬಿಡಿಸಿ ನೋಡೋಣ.

ಬಿ: 14 ಮಿ.ಮೀ. ಥ್ರೆಡ್. (ಸಿ ಅಂದ್ರೆ 10, ಡಿ ಅಂದ್ರೆ 12 ಮಿ.ಮೀ.)

ಪಿ: ಪಿಂಗಾಣಿಯ ಮೂತಿ ಸ್ವಲ್ಪ ಹೊರಗೆ ಚಾಚಿಕೊಂಡಿದೆ.

ಆರ್: ಒಳಗೆ ರೆಸಿಸ್ಟರ್ ಇದೆ.

6: ಶಾಖದ ಅಂಕೆ.

ಇ: 19 ಮಿ.ಮೀ. ಉದ್ದ. (ಹೆಚ್ ಅಂದ್ರೆ 12.7)

ಎಸ್: ತಾಮ್ರದ ತಿರುಳಿನ ಸಾಮಾನ್ಯ ಪ್ಲಗ್.

ಬೇರೆ ಕಂಪನಿಗಳಲ್ಲಿ ಅಕ್ಷರ ಬದಲಾಗುತ್ತೆ. ಬಿಪಿಆರ್ 6ಇಎಸ್ ಜಾಗಕ್ಕೆ ಹೊಂದೋದು ಬಾಷ್‌ನಲ್ಲಿ ಡಬ್ಲ್ಯೂಆರ್ 7ಡಿಸಿ, ಚಾಂಪಿಯನ್‌ನಲ್ಲಿ ಆರ್‌ಎನ್ 9ವೈಸಿ, ಡೆನ್ಸೋದಲ್ಲಿ ಡಬ್ಲ್ಯೂ 20ಇಪಿಆರ್-ಯು. ಬಿಪಿಎಂಆರ್ 7ಎ ಜಾಗಕ್ಕೆ ಬಾಷ್‌ನ ಡಬ್ಲ್ಯೂಎಸ್‌ಆರ್ 6ಎಫ್, ಚಾಂಪಿಯನ್‌ನ ಆರ್‌ಸಿಜೆ 6ವೈ.

ನಮ್ಮ ಊರಿನ ಹಿರಿಯರು ಯಾವ ಪ್ಲಗ್‌ಗೂ "ಮೈಕೋ ಪ್ಲಗ್" ಅಂತಾರಲ್ಲ, ಅದು ಬೆಂಗಳೂರು ಆಡುಗೋಡಿಯ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರು. 1951ರಲ್ಲಿ ಶುರುವಾದ ಆ ಕಂಪನಿ ಬಾಷ್ ಸಹಯೋಗದಲ್ಲಿ ಪ್ಲಗ್ ಮಾಡ್ತಿತ್ತು. 2008ರಲ್ಲಿ ಅದರ ಹೆಸರೇ ಬಾಷ್ ಲಿಮಿಟೆಡ್ ಆಯ್ತು. ಹಾಗಾಗಿ ಹಳೇ ಮೈಕೋ ಡಬ್ಬಿ ಮನೆಯಲ್ಲಿದ್ದರೆ ಅದನ್ನ ಬಾಷ್ ಲೆಕ್ಕದಲ್ಲಿ ಓದಿ.

ಬಿಸಿ ಪ್ಲಗ್, ತಣ್ಣನೆ ಪ್ಲಗ್

ಪ್ಲಗ್‌ನ ಮೂತಿ ಎಷ್ಟು ಬೇಗ ತನ್ನ ಶಾಖವನ್ನ ಹೆಡ್‌ಗೆ ದಾಟಿಸುತ್ತೆ ಅನ್ನೋದೇ ಶಾಖದ ಅಂಕೆ. ಮೂತಿ ಸುಮಾರು 450 ಡಿಗ್ರಿಗಿಂತ ಮೇಲಿರಬೇಕು, ಆಗಲೇ ಅಂಟಿದ ಮಸಿ ತಾನೇ ಸುಟ್ಟು ಹೋಗೋದು. 850 ಡಿಗ್ರಿ ಆಸುಪಾಸು ದಾಟಿದರೆ ಕಿಡಿ ಬರೋ ಮೊದಲೇ ಕಾದ ಮೂತಿಯಿಂದಲೇ ಮಿಶ್ರಣ ಹೊತ್ತಿಕೊಳ್ಳುತ್ತೆ. ಆಗ ಪಿಸ್ಟನ್ ತೂತಾಗೋದೂ ಉಂಟು.

ಶಾಖವನ್ನ ಬೇಗ ಬಿಡೋದು ತಣ್ಣನೆ ಪ್ಲಗ್, ಹಿಡಿದಿಟ್ಟುಕೊಳ್ಳೋದು ಬಿಸಿ ಪ್ಲಗ್. ಇಲ್ಲೊಂದು ಗೊಂದಲ ಇದೆ, ನೆನಪಿಡಿ:

ಎನ್‌ಜಿಕೆ, ಡೆನ್ಸೋ: ಅಂಕೆ ಹೆಚ್ಚಾದಷ್ಟೂ ತಣ್ಣನೆ.

ಬಾಷ್, ಚಾಂಪಿಯನ್: ಅಂಕೆ ಹೆಚ್ಚಾದಷ್ಟೂ ಬಿಸಿ.

ಎನ್‌ಜಿಕೆಯಲ್ಲಿ 7 ಇತ್ತು ಅಂತ ಬಾಷ್‌ನಲ್ಲೂ 7 ಕೇಳಿದರೆ ಬೇರೆಯದೇ ಪ್ಲಗ್ ಕೈಗೆ ಬರುತ್ತೆ.

"ಹಿರಿಯೂರು ಕಡೆ ಬಿಸಿಲು ಜಾಸ್ತಿ, ಒಂದು ಅಂಕೆ ತಣ್ಣನೆ ಪ್ಲಗ್ ಹಾಕ್ಲಾ?" ಅಂತ ಕೇಳೋರು ಇದ್ದಾರೆ. ಬೇಡ. ಎಂಜಿನ್ ಒಳಗಿನ ನೂರಾರು ಡಿಗ್ರಿಯ ಮುಂದೆ ಹೊರಗೆ 30 ಇದೆಯೋ 40 ಇದೆಯೋ ಅನ್ನೋದು ದೊಡ್ಡ ಲೆಕ್ಕ ಅಲ್ಲ. ನಮ್ಮ ಕಡೆ ನಿಜವಾದ ಶತ್ರು ದೂಳು. ಸಿಲಿಂಡರ್ ಸುತ್ತ ಇರೋ ತಂಪಾಗಿಸೋ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಪುಡಿ, ಕೆಂಪು ದೂಳು ಎಣ್ಣೆಗೆ ಅಂಟಿ ಹೆಪ್ಪುಗಟ್ಟಿದರೆ ಗಾಳಿ ಆಡಲ್ಲ. ಅದನ್ನ ಒಂದು ಬ್ರಷ್‌ನಿಂದ ಕ್ಲೀನ್ ಮಾಡೋದು ಪ್ಲಗ್ ಬದಲಾಯಿಸೋದಕ್ಕಿಂತ ಹತ್ತು ಪಾಲು ಮೇಲು. ಕಂಪನಿ ಕೊಟ್ಟ ಅಂಕೆಯನ್ನ ಬಿಡಬೇಡಿ.

ರೆಸಿಸ್ಟರ್ ಯಾಕೆ ಬೇಕು?

ಎಲೆಕ್ಟ್ರಾನಿಕ್ ಇಗ್ನಿಷನ್ ಇರೋರಿಗೆ ಇದೇ ಮುಖ್ಯವಾದ ಮಾತು. ಕಿಡಿ ಹಾರುವಾಗ ಅದು ಒಂದು ಸಣ್ಣ ರೇಡಿಯೋ ಸ್ಟೇಷನ್ ಥರ ಅಲೆ ಬಿಡುತ್ತೆ. ಹಳೇ ಕಾಲದಲ್ಲಿ ಪಕ್ಕದಲ್ಲಿ ಯೆಜ್ಡಿ ಹೋದರೆ ಮನೆಯ ರೇಡಿಯೋ ಗರಗರ ಅಂತಿತ್ತಲ್ಲ, ಅದೇ ಇದು. ಪಾಯಿಂಟ್‌ಗೆ ಈ ಗದ್ದಲದಿಂದ ಏನೂ ಆಗ್ತಿರಲಿಲ್ಲ. ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗೆ ಆಗುತ್ತೆ. ತಪ್ಪು ಸಮಯಕ್ಕೆ ಕಿಡಿ ಬರೋದು, ಒಮ್ಮೊಮ್ಮೆ ಕಿಡಿ ತಪ್ಪೋದು ಇವೆಲ್ಲ ಶುರುವಾಗಬಹುದು.

ಅದನ್ನ ತಡೆಯೋಕೆ ಪ್ಲಗ್ ಒಳಗೆ ಸುಮಾರು 5,000 ಓಮ್‌ನ ರೆಸಿಸ್ಟರ್ ಇಡ್ತಾರೆ. ಎನ್‌ಜಿಕೆ, ಬಾಷ್, ಚಾಂಪಿಯನ್ ಮೂರರಲ್ಲೂ ಅಕ್ಷರಗಳ ನಡುವೆ "ಆರ್" ಇದ್ದರೆ ಸಾಮಾನ್ಯವಾಗಿ ಅದೇ ಅರ್ಥ. ಮ್ಯಾನುಯಲ್‌ನಲ್ಲಿ ಆರ್ ಇರೋ ಪ್ಲಗ್ ಹೇಳಿದ್ದರೆ ಆರ್ ಇಲ್ಲದ್ದನ್ನ ತರಬೇಡಿ. "ರೆಸಿಸ್ಟರ್ ಇಲ್ಲದ್ದು ಕಿಡಿ ಜೋರು" ಅನ್ನೋ ಮಾತು ಕೇಳ್ತೀವಿ. ಎಂಜಿನ್ ಒಳಗೆ ಅದರಿಂದ ಸಿಗೋ ಲಾಭ ಏನೂ ಕಾಣಲ್ಲ, ಸರ್ಕ್ಯೂಟ್‌ಗೆ ಆಗೋ ಅಪಾಯ ಮಾತ್ರ ನಿಜ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಪ್ಲಗ್‌ನ ಮೇಲಿನ ತುದಿಗೂ ಕೆಳಗಿನ ನಡು ಕಡ್ಡಿಗೂ ಮುಟ್ಟಿಸಿ ನೋಡಿ. 3ರಿಂದ 7.5 ಕಿಲೋ ಓಮ್ ಒಳಗೆ ತೋರಿಸಿದರೆ ಸರಿ. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ, ಹೊರಗೆ ಎಷ್ಟೇ ಹೊಳೆಯುತ್ತಿರಲಿ ಅದನ್ನ ಎಸೀರಿ.

ಗ್ಯಾಪ್ ಎಷ್ಟಿರಬೇಕು?

ನಡು ಕಡ್ಡಿಗೂ ಬಗ್ಗಿದ ಕಡ್ಡಿಗೂ ನಡುವಿನ ಅಂತರವೇ ಗ್ಯಾಪ್. ಎರಡು-ಸ್ಟ್ರೋಕ್ ಬ್ರಷ್ ಕಟರ್‌ಗೆ ಸಾಮಾನ್ಯವಾಗಿ 0.5ರಿಂದ 0.6 ಮಿ.ಮೀ. ಜಿಎಕ್ಸ್ 35ಕ್ಕೆ 0.6ರಿಂದ 0.7. ಜಿಎಕ್ಸ್ 160, 200ಕ್ಕೆ 0.7ರಿಂದ 0.8.

ಗ್ಯಾಪ್ ಜಾಸ್ತಿ ಆದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬ್ಯಾಟರಿ ಇಲ್ಲದ ಮೆಷಿನ್‌ನಲ್ಲಿ ಕರೆಂಟ್ ಹುಟ್ಟೋದೇ ನೀವು ಹಗ್ಗ ಎಳೆದ ವೇಗದಿಂದ. ಗ್ಯಾಪ್ ದೊಡ್ಡದಿದ್ದರೆ ನಿಧಾನಕ್ಕೆ ಎಳೆದಾಗ ಕಿಡಿಯೇ ಬರಲ್ಲ. "ಹುಡುಗ ಎಳೆದ್ರೆ ಸ್ಟಾರ್ಟ್ ಆಗುತ್ತೆ, ನಾನು ಎಳೆದ್ರೆ ಆಗಲ್ಲ" ಅಂತ ಅಪ್ಪ ಬೈಯ್ತಿದ್ದರೆ ಮೊದಲು ಗ್ಯಾಪ್ ನೋಡಿ. ತೀರಾ ಕಮ್ಮಿ ಆದರೆ ಕಿಡಿ ಪುಟ್ಟದಾಗಿ ಮಿಶ್ರಣ ಸರಿಯಾಗಿ ಹೊತ್ತಲ್ಲ, ಸಣ್ಣ ಕಾರ್ಬನ್ ಚೂರು ಸಿಕ್ಕಿಕೊಂಡರೂ ಪ್ಲಗ್ ಸತ್ತ ಹಾಗೆ.

ಅಳೆಯೋಕೆ ಫೀಲರ್ ಗೇಜ್ ತಗೊಳ್ಳಿ, ಬೆಲೆ ಹೆಚ್ಚೇನಿಲ್ಲ. ತೋಟದಲ್ಲಿ ಅದು ಇಲ್ಲ ಅಂದ್ರೆ ಹ್ಯಾಕ್ಸಾ ಬ್ಲೇಡ್‌ನ ಹಲ್ಲಿಲ್ಲದ ಅಂಚು ಸುಮಾರು 0.6 ಮಿ.ಮೀ. ದಪ್ಪ ಇರುತ್ತೆ, ಅಂದಾಜಿಗೆ ಸಾಕು. ಬಗ್ಗಿಸೋದು ಹೊರಗಿನ ಕಡ್ಡಿಯನ್ನ ಮಾತ್ರ. ನಡು ಕಡ್ಡಿ ಮುಟ್ಟಿದರೆ ಪಿಂಗಾಣಿ ಸೀಳುತ್ತೆ.

ಹಳೇ ಜೀಪು, ಅಂಬಾಸಿಡರ್, ಯೆಜ್ಡಿ ಇಟ್ಟುಕೊಂಡೋರಿಗೆ

ನಮ್ಮ ನಾಲ್ಕೂ ತಾಲೂಕಲ್ಲಿ ಇವತ್ತಿಗೂ ಇಂಥ ಗಾಡಿಗಳು ಓಡ್ತಿವೆ. ಅಂಬಾಸಿಡರ್ ಉತ್ಪಾದನೆ ನಿಂತಿದ್ದು 2014ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದರೂ ಅಜ್ಜನ ಗಾಡಿ ಅಂತ ಪ್ರೀತಿಯಿಂದ ಇಟ್ಟುಕೊಂಡು, ಪಾಯಿಂಟ್ ಕಾಟ ತಪ್ಪಲಿ ಅಂತ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದೋರು ಇದ್ದಾರೆ. ಅವರ ಪ್ರಶ್ನೆ ಒಂದೇ: ಈಗ ಯಾವ ಪ್ಲಗ್?

ಮೊದಲನೇದು, ಅಳತೆ ಮತ್ತು ಶಾಖದ ಅಂಕೆ ಬದಲಾಗಲ್ಲ. ಅವೆರಡೂ ಎಂಜಿನ್‌ಗೆ ಸೇರಿದ್ದು, ಇಗ್ನಿಷನ್‌ಗೆ ಅಲ್ಲ. ಹಳೇ ಮ್ಯಾನುಯಲ್‌ನಲ್ಲಿ ಏನಿತ್ತೋ ಅದೇ. ಹೆಡ್ ಬದಲಾಗಿದ್ದರೆ ಮಾತ್ರ ಹೊಸದಾಗಿ ಅಳೀರಿ.

ಎರಡನೇದು, ರೆಸಿಸ್ಟರ್. ಹಳೇ ಪ್ಲಗ್‌ನಲ್ಲಿ ಆರ್ ಇರಲಿಲ್ಲ, ಹಳೇ ವೈರ್ ಬರೀ ತಾಮ್ರ. ಎಲೆಕ್ಟ್ರಾನಿಕ್ ಕಿಟ್ ಹಾಕಿದ ಮೇಲೆ ಎಲ್ಲಾದರೂ ಒಂದು ಕಡೆ ರೆಸಿಸ್ಟರ್ ಬೇಕೇಬೇಕು. ಪ್ಲಗ್‌ನಲ್ಲಾಗಲಿ, ಕಾರ್ಬನ್ ತಿರುಳಿನ ವೈರ್‌ನಲ್ಲಾಗಲಿ, ಕ್ಯಾಪ್‌ನಲ್ಲಾಗಲಿ. ಕಿಟ್ ಜೊತೆ ಬಂದ ಚೀಟಿಯಲ್ಲಿ ಏನು ಬರೆದಿದೆ ಅಂತ ಓದಿ, ಅದನ್ನೇ ಪಾಲಿಸಿ.

ಮೂರನೇದು, ಗ್ಯಾಪ್. ಇಲ್ಲಿ ಸುಮಾರು ಜನ ಅವಸರ ಮಾಡ್ತಾರೆ. "ಎಲೆಕ್ಟ್ರಾನಿಕ್ ಆಯ್ತಲ್ಲ, ಗ್ಯಾಪ್ 1 ಮಿ.ಮೀ. ಇಡು" ಅಂತಾರೆ. ನೋಡಬೇಕಾದ್ದು ಕಾಯಿಲ್ ಬದಲಾಗಿದೆಯಾ ಅಂತ. ಬರೀ ಪಾಯಿಂಟ್ ತೆಗೆದು ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಸ್ವಿಚ್ ಕೂರಿಸಿ, ಕಾಯಿಲ್ ಹಳೇದೇ ಇದ್ದರೆ ವೋಲ್ಟೇಜ್ ಏನೂ ಎದ್ದು ಬಿದ್ದು ಹೆಚ್ಚಿರಲ್ಲ. ಗ್ಯಾಪ್ ಹಳೇ ಅಳತೆಯಲ್ಲೇ, ಹೆಚ್ಚಿನ ಗಾಡಿಗಳಲ್ಲಿ 0.6 ಮಿ.ಮೀ. ಆಸುಪಾಸು, ಇರಲಿ. ಕಿಟ್ ಜೊತೆಗೆ ಹೊಸ ಹೆಚ್ಚು ಶಕ್ತಿಯ ಕಾಯಿಲ್ಲೂ ಬಂದಿದ್ದರೆ 0.8ರ ತನಕ, ಕಿಟ್‌ನೋರು ಹೇಳಿದರೆ ಇನ್ನೂ ಸ್ವಲ್ಪ, ನಿಧಾನಕ್ಕೆ ಹೆಚ್ಚಿಸಬಹುದು. ಅತಿಯಾದರೆ ಕಿಡಿ ಹಾರೋಕೆ ಬೇರೆ ದಾರಿ ಹುಡುಕುತ್ತೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಸೀಳಿಕೊಂಡು ಹೋಗುತ್ತೆ, ಹಳೇ ವೈರ್‌ನಿಂದ ಬಾಡಿಗೆ ಹಾರುತ್ತೆ. ಮಳೆಗಾಲದ ರಾತ್ರಿ ಬಾನೆಟ್ ಎತ್ತಿ ನೋಡಿದರೆ ನೀಲಿ ಗೆರೆ ಓಡಾಡೋದು ಕಾಣುತ್ತೆ.

ಪ್ಲಗ್‌ನ ಮುಖ ಓದೋದು ಕಲೀರಿ

ಎಲೆಯ ಬಣ್ಣ ನೋಡಿ ಗಿಡಕ್ಕೆ ಯಾವ ಪೋಷಕಾಂಶ ಕಮ್ಮಿ ಅಂತ ಹೇಳ್ತೀವಲ್ಲ, ಪ್ಲಗ್ ಕೂಡ ಹಾಗೇ. ಹತ್ತು ನಿಮಿಷ ಲೋಡ್‌ನಲ್ಲಿ ಓಡಿಸಿ, ನಿಲ್ಲಿಸಿ, ತಣಿದ ಮೇಲೆ ಬಿಚ್ಚಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಫೋಟೋ ತೆಗೀರಿ.

ತಿಳಿ ಕಂದು, ಹುರಿದ ಕಡಲೆಬೀಜದ ಸಿಪ್ಪೆ ಬಣ್ಣ: ಎಲ್ಲಾ ಸರಿ ಇದೆ.

ಒಣ ಕಪ್ಪು ಮಸಿ: ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ನಮ್ಮ ಕಡೆ ನೂರಕ್ಕೆ ಹೆಚ್ಚಿನ ಪಾಲು ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತೆ. ಚೋಕ್ ಹಾಕಿದ್ದನ್ನ ತೆಗೆಯೋದು ಮರೆತರೂ ಹೀಗೇ.

ಒದ್ದೆ ಕಪ್ಪು, ಎಣ್ಣೆ ಜಿಡ್ಡು: ಎರಡು-ಸ್ಟ್ರೋಕ್‌ನಲ್ಲಿ ಆಯಿಲ್ ಹೆಚ್ಚಾಗಿದೆ. 1 ಲೀಟರ್ ಪೆಟ್ರೋಲ್‌ಗೆ 25:1 ಅಂದ್ರೆ 40 ಮಿ.ಲೀ., 50:1 ಅಂದ್ರೆ 20 ಮಿ.ಲೀ. ನಿಮ್ಮ ಮೆಷಿನ್‌ಗೆ ಯಾವುದು ಅಂತ ಮ್ಯಾನುಯಲ್ ನೋಡಿ, ಅಳತೆ ಬಾಟಲಿ ಬಳಸಿ. "ಒಂದ್ ಮುಚ್ಚಳ ಜಾಸ್ತಿ ಇರ್ಲಿ ಒಳ್ಳೇದು" ಅನ್ನೋದು ಬೇಡ.

ಬಿಳಿ, ಬೊಬ್ಬೆ ಎದ್ದ ಹಾಗೆ: ಅಪಾಯದ ಗುರುತು. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ, ಎಂಜಿನ್ ಕುದೀತಿದೆ. ಕಾರ್ಬ್ಯುರೇಟರ್ ಬಳಿ ಗ್ಯಾಸ್ಕೆಟ್ ಒಡೆದು ಗಾಳಿ ಎಳೀತಿದೆಯಾ, ಜೆಟ್ ಕಟ್ಟಿಕೊಂಡಿದೆಯಾ, ಪ್ಲಗ್ ಅಂಕೆ ತಪ್ಪಿದೆಯಾ ನೋಡಿ. ಅದು ಗೊತ್ತಾಗೋ ತನಕ ಓಡಿಸಬೇಡಿ, ಪಿಸ್ಟನ್ ಹಿಡಿದುಕೊಂಡರೆ ಸಾವಿರಾರು ರೂಪಾಯಿ ಮಾತು.

ಇಲ್ಲಿ ಪೆಟ್ರೋಲ್ ಬಗ್ಗೆಯೂ ಒಂದು ಮಾತು. 20 ಪರ್ಸೆಂಟ್ ಎಥನಾಲ್ ಸೇರಿದ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥನಾಲ್ ಸೇರಿದ ಪೆಟ್ರೋಲ್ ಉರಿಯೋಕೆ ಅಷ್ಟು ಗಾಳಿ ಬೇಡ. ಹಾಗಾಗಿ ಹಳೇ ಕಾರ್ಬ್ಯುರೇಟರ್ ಸೆಟ್ಟಿಂಗ್‌ನಲ್ಲಿ ಎಂಜಿನ್‌ಗೆ ಪೆಟ್ರೋಲ್ ಕಮ್ಮಿ ಆದ ಹಾಗೆ ಆಗುತ್ತೆ, ಪ್ಲಗ್ ಮುಂಚಿಗಿಂತ ಬಿಳಚಿಕೊಂಡು ಕಾಣುತ್ತೆ. ಅದಕ್ಕೆ ಮದ್ದು ಕಾರ್ಬ್ಯುರೇಟರ್ ಸರಿ ಮಾಡಿಸೋದು, ಪ್ಲಗ್ ಬದಲಾಯಿಸೋದಲ್ಲ. ಎಥನಾಲ್ ನೀರನ್ನೂ ಹೀರುತ್ತೆ. ಹಿಂದಿನ ಹಂಗಾಮಿನ ಪೆಟ್ರೋಲ್ ಕ್ಯಾನ್‌ನಲ್ಲಿ ಉಳಿದಿದ್ದರೆ ಅದನ್ನ ಮೆಷಿನ್‌ಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನೇ ಆಫ್ ಆಗೋ ತನಕ ಓಡಿಸಿ ಇಡಿ.

ಇರಿಡಿಯಂ ಬೇಕಾ?

ಆನ್‌ಲೈನ್‌ನಲ್ಲಿ ಇರಿಡಿಯಂ ಪ್ಲಗ್ ಹಾಕಿದರೆ ಪವರ್ ಜಾಸ್ತಿ ಅಂತ ವಿಡಿಯೋ ಬರುತ್ತೆ. ಇರಿಡಿಯಂ ಸವೆಯೋದು ನಿಧಾನ, ಕಿಡಿ ಹಾರಲು ಸ್ವಲ್ಪ ಕಮ್ಮಿ ವೋಲ್ಟೇಜ್ ಸಾಕು, ಅದು ನಿಜ. ಆದರೆ ಬ್ರಷ್ ಕಟರ್ ಪ್ಲಗ್ ಸಾಯೋದು ಸವೆದು ಅಲ್ಲ, ಎಣ್ಣೆ-ಮಸಿ ಕಟ್ಟಿ. ಎಣ್ಣೆಯ ಮುಂದೆ ಇರಿಡಿಯಂ, ತಾಮ್ರ ಎರಡೂ ಒಂದೇ. ಅದರ ದುಡ್ಡಲ್ಲಿ ಮೂರು ಸಾಮಾನ್ಯ ಪ್ಲಗ್, ಒಂದು ಏರ್ ಫಿಲ್ಟರ್ ತಗೊಳ್ಳಿ.

ನಕಲಿ ಪ್ಲಗ್ ಬಗ್ಗೆ ಹುಷಾರು. ಡಬ್ಬಿಯ ಮುದ್ರಣ ಮಸುಕು, ಪಿಂಗಾಣಿ ಮೇಲಿನ ಅಕ್ಷರ ಉಗುರಿಗೆ ಕಿತ್ತು ಬರೋದು, ವಾಷರ್ ಸಡಿಲವಾಗಿ ಕಳಚಿ ಬೀಳೋದು, ಎರಡು ಕಡ್ಡಿ ನೇರಕ್ಕೆ ಇಲ್ಲದಿರೋದು ಇವು ಗುರುತು. ಬಿಲ್ ಕೊಡೋ ಅಂಗಡಿಯಲ್ಲೇ ಕೊಳ್ಳಿ.

ಹಾಕೋ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಜೊತೆಗೇ ಬರುತ್ತೆ.

2. ಬಿಚ್ಚೋ ಮೊದಲು ಪ್ಲಗ್ ಸುತ್ತಲ ದೂಳು ಊದಿ ತೆಗೀರಿ. ಇಲ್ಲಾಂದ್ರೆ ಮಣ್ಣು ನೇರ ಸಿಲಿಂಡರ್‌ಗೆ.

3. ಹೊಸ ಪ್ಲಗ್ ಕೈಯಲ್ಲೇ ತಿರುಗಿಸಿ. ಕೈಗೆ ಸುಲಭಕ್ಕೆ ಹೋಗದಿದ್ದರೆ ಓರೆಯಾಗಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಶುರು ಮಾಡಿ.

4. ವಾಷರ್ ತಾಗಿದ ಮೇಲೆ ಪಾನಾದಲ್ಲಿ ಹೊಸ ಪ್ಲಗ್‌ಗೆ ಅರ್ಧ ಸುತ್ತು. ಅಂದ್ರೆ ಗಡಿಯಾರದ ಮುಳ್ಳು ಮೂವತ್ತು ನಿಮಿಷ ತಿರುಗಿದಷ್ಟು. ಹಳೇ ಪ್ಲಗ್ ವಾಪಸ್ ಹಾಕೋದಾದರೆ ವಾಷರ್ ಆಗಲೇ ಅದುಮಿರುತ್ತೆ, ಐದು ನಿಮಿಷದ ಮುಳ್ಳಿನಷ್ಟು ಸಾಕು.

5. ಹಳೇದನ್ನ ಕ್ಲೀನ್ ಮಾಡೋಕೆ ಪೆಟ್ರೋಲ್, ಹಳೇ ಹಲ್ಲುಜ್ಜೋ ಬ್ರಷ್ ಸಾಕು. ತಂತಿ ಬ್ರಷ್ ಹಾಕಿ ಪಿಂಗಾಣಿ ಉಜ್ಜಿದರೆ ಲೋಹದ ಗೆರೆ ಬಿದ್ದು ಕಿಡಿ ಅದರ ಮೇಲೇ ಓಡುತ್ತೆ.

ಕಿಡಿ ಪರೀಕ್ಷೆ ಮಾಡೋವಾಗ ಎರಡು ಎಚ್ಚರಿಕೆ. ಪ್ಲಗ್‌ನ ಲೋಹದ ಭಾಗ ಎಂಜಿನ್ ಬಾಡಿಗೆ ಗಟ್ಟಿಯಾಗಿ ತಾಗಿರಲಿ. ಕ್ಯಾಪ್‌ ಅನ್ನ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆದರೆ ಕಿಡಿಗೆ ಹೋಗೋ ದಾರಿ ಇಲ್ಲದೆ ಕಾಯಿಲ್ ಒಳಗಿನ ಸರ್ಕ್ಯೂಟ್ಟೇ ಸುಡಬಹುದು. ಪಾಯಿಂಟ್ ಕಾಲದ ಈ ಅಭ್ಯಾಸ ಎಲೆಕ್ಟ್ರಾನಿಕ್‌ಗೆ ಆಗಲ್ಲ. ಇನ್ನೊಂದು, ಪ್ಲಗ್ ತೂತಿನಿಂದ, ಪೆಟ್ರೋಲ್ ಕ್ಯಾನ್‌ನಿಂದ ದೂರದಲ್ಲಿ ಮಾಡಿ.

ಕಿಡಿ ಬರದಿದ್ದರೆ ಕೂಡಲೇ ಕಾಯಿಲ್ ಕೊಳ್ಳಬೇಡಿ. ಆಫ್ ಸ್ವಿಚ್‌ನ ವೈರ್ ಎಲ್ಲಾದರೂ ಬಾಡಿಗೆ ತಾಗ್ತಿದೆಯಾ, ಪ್ಲಗ್ ಕ್ಯಾಪ್ ಸಡಿಲ ಇದೆಯಾ, ಹೊಸ ಪ್ಲಗ್‌ನಲ್ಲೂ ಹೀಗೇನಾ, ಕಾಯಿಲ್-ಫ್ಲೈವೀಲ್ ನಡುವೆ ತುಕ್ಕು ಇದೆಯಾ ಅಂತ ಇದೇ ಕ್ರಮದಲ್ಲಿ ನೋಡಿ. ಆ ನಡುವಿನ ಅಂತರ ಸಾಮಾನ್ಯವಾಗಿ ಒಂದು ವಿಸಿಟಿಂಗ್ ಕಾರ್ಡ್‌ನ ದಪ್ಪ, ಸುಮಾರು 0.3 ಮಿ.ಮೀ. ಇಷ್ಟೆಲ್ಲ ಸರಿ ಇದ್ದೂ ಕಿಡಿ ಇಲ್ಲ ಅಂದ್ರೆ ಆಗ ಕಾಯಿಲ್ ಮಾತು.

ಇವತ್ತೇ ಮಾಡಬೇಕಾದ್ದು

• ಮನೆಯಲ್ಲಿರೋ ಪ್ರತಿ ಪೆಟ್ರೋಲ್ ಎಂಜಿನ್‌ನ ಪ್ಲಗ್ ಬಿಚ್ಚಿ, ಅಕ್ಷರ ಕಾಣೋ ಹಾಗೆ ಒಂದು ಫೋಟೋ, ಸ್ಕೇಲ್ ಪಕ್ಕ ಇಟ್ಟು ಇನ್ನೊಂದು ಫೋಟೋ ತೆಗೆದು ಮೊಬೈಲ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಇಡಿ. ಅದರಲ್ಲಿ ಈಗ ಇರೋದು ಸರಿಯಾದ ಪ್ಲಗ್ಗೇ ಅಂತ ಮ್ಯಾನುಯಲ್ ಜೊತೆ ತಾಳೆ ನೋಡಿ. ಮ್ಯಾನುಯಲ್ ಕಳೆದಿದ್ದರೆ ಕಂಪನಿ ವೆಬ್‌ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕಿ.

• ಪ್ರತಿ ಮೆಷಿನ್‌ಗೆ ಒಂದು ಹೊಸ ಪ್ಲಗ್, ಗ್ಯಾಪ್ ನೋಡಿ, ಡಬ್ಬಿ ಸಮೇತ ಪಾನಾ ಜೊತೆ ಇಡಿ.

• ಬ್ರಷ್ ಕಟರ್ ಪ್ಲಗ್ ಸುಮಾರು 100 ಗಂಟೆ ಕೆಲಸಕ್ಕೆ ಬದಲಾಯಿಸಿ. ಜಿಎಕ್ಸ್ ಥರದ ನಾಲ್ಕು-ಸ್ಟ್ರೋಕ್ ಎಂಜಿನ್‌ಗೆ 100 ಗಂಟೆಗೊಮ್ಮೆ ನೋಡಿ, 300 ಗಂಟೆಗೆ ಬದಲಾಯಿಸಿ.

• ಏರ್ ಫಿಲ್ಟರ್ ಪ್ರತಿ ದಿನ ಸಂಜೆ ಕೊಡವಿ. ನಮ್ಮ ದೂಳಿಗೆ ಮ್ಯಾನುಯಲ್‌ನಲ್ಲಿ ಹೇಳಿದ ಗಡುವು ಸಾಲಲ್ಲ.

ಹುಲ್ಲನ್ನ ಹೂ ಬಿಡೋ ಮುಂಚೆ ಹೊಡೆದು ಅಲ್ಲೇ ಮುಚ್ಚಿಗೆ ಮಾಡಿದರೆ ಅದೇ ಗೊಬ್ಬರ, ಅದೇ ತೇವ. ಹೂ ಬಿಟ್ಟು ಬೀಜ ಉದುರಿದ ಮೇಲೆ ಹೊಡೆದರೆ ಮುಂದಿನ ವರ್ಷದ ಕಳೆಯನ್ನ ನಾವೇ ಬಿತ್ತಿದ ಹಾಗೆ. ಈ ಎರಡರ ನಡುವೆ ಸಿಗೋದು ಹೆಚ್ಚೆಂದರೆ ಎರಡು ವಾರ. ಆ ಎರಡು ವಾರ ಮೆಷಿನ್ ಮೊದಲ ಎಳೆತಕ್ಕೇ ಸ್ಟಾರ್ಟ್ ಆಗೋ ಹಾಗೆ ಇರಲಿ.